ಮೂರನೇ ಬೆಂಚಿನ ಕೈ

ಅಕ್ಕ,

ಈ ಪತ್ರ ನಿನಗೆ ತಲುಪುವುದಿಲ್ಲ. ನಿನ್ನ ವಿಳಾಸ ಕೇಳುವ ಮುಖ ನನಗಿಲ್ಲ. ಆದರೂ ಇವತ್ತಿನದನ್ನು ಬೇರೆ ಯಾರಿಗೆ ಹೇಳಲಿ?

ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ತಮ್ಮ ಲಾಂಡ್ರಿಯ ಹೆಂಗಸರನ್ನು ಕೆಲಸದಿಂದ ತೆಗೆದಿದ್ದಾರೆ. ಬಾಯ್ಲರ್ ಕೋಣೆಗೊಂದು ಕಿಟಕಿ ಬೇಕು ಅಂದದ್ದೇ ತಪ್ಪಾಯಿತಂತೆ. ಬೆಳಿಗ್ಗೆ ಆರಾಧನೆ ಮುಗಿಯುವಾಗ, ಅಪ್ಪನ ವೇದಿಕೆಯಲ್ಲೇ ನಿಂತು, ಅವರು ಪಾಪಿಗಳನ್ನು ರಕ್ಷಣೆಗೆ ಕರೆಯುತ್ತಿದ್ದ ಹಾಗೆಯೇ ಕರೆದೆ: "ಎಲ್ಲರೂ ತಲೆ ಬಗ್ಗಿಸಿ, ಕಣ್ಣು ಮುಚ್ಚಿ. ನಾಳೆ ಲಾಂಡ್ರಿ ಗೇಟಿನ ಹತ್ರ ಈ ಹೆಂಗಸರ ಜೊತೆ ನಿಲ್ಲೋರು ಕೈ ಎತ್ತಿ."

ಪ್ರಾರ್ಥನೆ ಎಂದರೆ ಮೂರು ದಿನ ಉಪವಾಸ ಕೂರುವ ಜನ. ಒಂದು ಕೈಯೂ ಏಳಲಿಲ್ಲ. ನನ್ನವೆರಡೂ ಬೈಬಲ್ಲಿನ ಮೇಲಿದ್ದವು.

ಅಪ್ಪನ ಅಭ್ಯಾಸ ನಿನಗೆ ಗೊತ್ತಲ್ಲ, ಯಾರೂ ಕೈ ಎತ್ತದಿದ್ದರೂ ಎತ್ತಿದ್ದಾರೆ ಅನ್ನುತ್ತಿದ್ದದ್ದು? ಕಾದು ಕಾದು ನನಗೂ ಸಾಕಾಗಿತ್ತು. ನೀನು ಕೂರುತ್ತಿದ್ದ ಮೂರನೇ ಬೆಂಚಿನ ಕಡೆ ನೋಡಿ ಅಂದುಬಿಟ್ಟೆ: "ಕಂಡೆ, ಅಲ್ಲೊಂದು ಕೈ. ದೇವರಿಗೆ ಸ್ತೋತ್ರ." ಅಪ್ಪ ಹಾಗೆ ಅಂದರೆ ಇನ್ನೆರಡು ಕೈ ಏಳುತ್ತಿದ್ದವು. ಇವತ್ತು ಏಳಲಿಲ್ಲ.

ನೀನು ಸಭೆ ಬಿಟ್ಟ ಮೇಲೆ, ಅಥವಾ ನಾವು ಬಿಡಿಸಿದ ಮೇಲೆ, ಆ ಬೆಂಚಿನ ಮೇಲೆ ಹರಿದ ಹಾಡಿನ ಪುಸ್ತಕಗಳನ್ನು ಪೇರಿಸಿಡುತ್ತೇವೆ.

ಎಲ್ಲರೂ ಹೋದ ಮೇಲೆ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಗಸು ಹತ್ತಿರ ಬಂದಳು.

"ಪಾಸ್ಟರೇ, ಆ ಕೈ ಯಾರದು?"

"ಹೆಸರು ಹೇಳೋ ಹಾಗಿಲ್ಲಮ್ಮ."

"ಬೇಡ ಬಿಡಿ. ಒಬ್ಬರಾದ್ರೂ ಬರ್ತಾರಲ್ಲ, ಇವತ್ತು ನಿದ್ದೆ ಬರುತ್ತೆ ನಂಗೆ."

ನಾಳೆ ಗೇಟಿನ ಹತ್ತಿರ ಅವಳು ದಾರಿ ನೋಡುವುದು ನಿನ್ನದು, ಅಕ್ಕ. ನೀನಿದ್ದಿದ್ದರೆ ನನ್ನ ಆ ಮಾತು ಸುಳ್ಳಾಗುತ್ತಿರಲಿಲ್ಲ.