ಬೆಳೆಯುವ ಕಾಲಿಗೆ ಕೊಂಡ ಬೂಟು

ನಾರ್ತ್‌ವಿಲ್
ಜನವರಿ ೧೮, ೨೦೨೬, ಭಾನುವಾರ

ಪ್ರೀತಿಯ ಮಗಳೇ ಶಾಂಭವಿ,

ಹೇಗಿದ್ದೀಯವ್ವಾ? ನೈಟ್ ಡ್ಯೂಟಿ ಮುಗಿಸಿ ಬಂದ ಮೇಲೆ ಹೊಟ್ಟೆಗೆ ಏನಾದರೂ ಬಿಸಿಯಾಗಿ ತಿನ್ನುತ್ತೀಯೋ, ಒಂದು ಬಾಳೆಹಣ್ಣು ತಿಂದು ಮಲಗಿಬಿಡುತ್ತೀಯೋ? ಶಿಕಾಗೋದಲ್ಲಿ ಚಳಿ ಸೊನ್ನೆಗಿಂತ ಕೆಳಗೆ ಇಳಿದಿದೆ ಎಂದು ನಿನ್ನ ಅವ್ವ ಹೇಳಿದಳು. ಈಗ ನಿನ್ನ ಸುದ್ದಿಯೆಲ್ಲ ನನಗೆ ಅವಳ ಬಾಯಿಂದಲೇ ಸಿಗಬೇಕು. ದೀಪಾವಳಿ ಆದಾಗಿನಿಂದ ನೀನು ನನ್ನ ಫೋನ್ ಎತ್ತಿಲ್ಲ, ಮೂರು ತಿಂಗಳಾಯಿತು. ಎತ್ತದಿರುವುದಕ್ಕೆ ಕಾರಣ ಇದೆ, ಅದು ನನಗೂ ಗೊತ್ತು. ನಾಲ್ಕನೇ ಇಯತ್ತೆವರೆಗೆ ಹುಬ್ಬಳ್ಳಿಯಲ್ಲಿ ಓದಿದವಳು ನೀನು, ನಿಧಾನವಾಗಿಯಾದರೂ ಕನ್ನಡ ಓದುತ್ತೀ. ನಿಧಾನವಾಗಿಯೇ ಓದಲಿ ಎಂದು ಕೈಯಲ್ಲಿ ಬರೆಯುತ್ತಿದ್ದೇನೆ.

ಇಲ್ಲಿ ನಾವಿಬ್ಬರೂ ಆರಾಮ. ನಿನ್ನ ಅವ್ವನ ಮೊಣಕಾಲು ಚಳಿಗೆ ಹಟ ಹಿಡಿದಿದೆ, ಆದರೂ ಸಂಕ್ರಮಣಕ್ಕೆ ಸಜ್ಜಿ ರೊಟ್ಟಿ ಬಡಿದಳು, ಶೇಂಗಾ ಹೋಳಿಗೆ ಮಾಡಿದಳು. ಡ್ರೈವ್‌ವೇ ಮೇಲೆ ಎಂಟು ಇಂಚು ಹಿಮ ಬಿದ್ದಿತ್ತು, ನಾನೇ ಗೋರಿ ಬದಿಗೆ ಹಾಕಿದೆ, ಸೊಂಟ ಇನ್ನೂ ನನ್ನದೇ ಇದೆ. ಆಮೇಲೆ ಬೇಸ್‌ಮೆಂಟ್ ಸ್ವಚ್ಛ ಮಾಡಲು ಇಳಿದೆ. ಅಲ್ಲಿ ಹಳೇ ಹೀಟರಿನ ಹಿಂದೆ, ಹಿಮದ ಮೇಲೆ ಜಾರುವಾಗ ನೀನು ಹಾಕುತ್ತಿದ್ದ ಸ್ಕೀ ಬೂಟು ಸಿಕ್ಕವು. ಭಾನುಪ್ರಿಯಾ ಅವರ ಮಗಳು ಇಂಚರ ನಿನಗೆ ನೆನಪಿರಬೇಕು, ನಮ್ಮ ಸಬ್‌ಡಿವಿಜನ್ನಿನ ಮೂಲೆ ಮನೆಯ ಮೈಸೂರಿನವರು. ಆ ಹುಡುಗಿ ಈ ವರ್ಷ ಹೈಸ್ಕೂಲಿನ ಸ್ಕೀ ಟೀಮಿಗೆ ಸೇರಿದ್ದಾಳೆ. ಒಂದೇ ಸೀಸನ್ ಹಾಕಿಕೊಂಡ ಬೂಟು, ಹೊಸದರಂತಿವೆ ಎಂದು ನಾನು ಅವುಗಳನ್ನು ಒರೆಸಿಕೊಂಡು, ಯಾವುದೋ ದಾನಶೂರನ ಗತ್ತಿನಲ್ಲಿ ಅವರ ಮನೆಗೆ ಹೋದೆ. ಭಾನುಪ್ರಿಯಾ ಜಾಣೆ. ಒಮ್ಮೆ ಸ್ಕೀ ಅಂಗಡಿಯಲ್ಲಿ ತೋರಿಸಿಬಿಡೋಣ ಎಂದರು. ನಿನ್ನೆ ಶನಿವಾರ ಮೂವರೂ ಹೋದೆವು.

ಆ ಬೂಟು ಕೊಂಡ ದಿನ ನಿನಗೆ ನೆನಪಿದೆಯೇ? ಸ್ಕೂಲಿನ ಕೆಫೆಟೀರಿಯಾದಲ್ಲಿ ಹಳೇ ಸಾಮಾನುಗಳ ಮಾರಾಟ ಇತ್ತು. ನಿನಗೆ ಹದಿನಾಲ್ಕು ವರ್ಷ. ನೀನು ಯಾವುದೋ ಸಣ್ಣ, ಮೆತ್ತನೆಯ ಬೂಟು ಹಾಕಿಕೊಂಡು ಇದು ಸರಿ ಇದೆ ಎಂದೆ. ನಾನು ಅದನ್ನು ತೆಗೆಸಿ, ಎರಡು ಸೈಜ್ ದೊಡ್ಡದನ್ನು, ಅದೂ ಆ ಮೇಜಿನ ಮೇಲೆ ಎಲ್ಲಕ್ಕಿಂತ ಗಟ್ಟಿ ಇದ್ದುದನ್ನು ಆರಿಸಿದೆ. ಬೆಳೆಯೋ ಕಾಲು, ಗಟ್ಟಿ ಇದ್ದರ ಬಾಳಿಕಿ ಬರ್ತಾವ ಎಂದೆ. ನಮ್ಮಪ್ಪ ನನಗೆ ಹಾಗೆಯೇ ಕೊಡಿಸುತ್ತಿದ್ದರು. ಜೂನ್ ತಿಂಗಳಲ್ಲಿ ಸಾಲಿ ಶುರುವಾಗುವಾಗ ಕೊಂಡ ಬೂಟಿನ ತುದಿಗೆ ಪೇಪರು ತುರುಕಿಕೊಂಡು ನಡೆದರೆ, ಮುಂದಿನ ವರ್ಷ ಪೇಪರು ತೆಗೆಯುವ ಹೊತ್ತಿಗೆ ಅಟ್ಟೆಯೇ ಸವೆದುಹೋಗಿರುತ್ತಿತ್ತು. ಒಂದು ದಿನವಾದರೂ ನನ್ನ ಕಾಲಿಗೆ ಸರಿಯಾದ ಬೂಟು ಹಾಕಿಕೊಂಡ ನೆನಪಿಲ್ಲ, ಆದರೂ ಅದೇ ಬುದ್ಧಿವಂತಿಕೆ ಎಂದು ನಂಬಿದ್ದೆ. ನಿನ್ನ ಕಾಲು ಆಮೇಲೆ ಒಂದು ಕೂದಲೆಳೆಯಷ್ಟೂ ಬೆಳೆಯಲಿಲ್ಲ, ಬಿಡು.

ಆ ವರ್ಷದ ದೊಡ್ಡ ರೇಸಿನಲ್ಲಿ ಇಳಿಜಾರಿನಲ್ಲಿ ನೆಟ್ಟ ಮೂರನೇ ಗೇಟಿನ ಕಂಬದ ಹತ್ತಿರ ನೀನು ತಿರುಗಲಾಗದೆ ಸೀದಾ ಹೋಗಿ ಬದಿಯ ಬಲೆಗೆ ಬಿದ್ದೆ. ಏಟೇನೂ ಆಗಲಿಲ್ಲ. ಕಾರಿನಲ್ಲಿ ನೀನು ಹೇಳಿದ್ದು ಒಂದೇ ಮಾತು: ಅಪ್ಪಾ, ನಾ ಕಾಲು ತಿರುಗಿಸಿದೆ, ಬೂಟು ತಿರುಗಲಿಲ್ಲ. ನಾನು ಏನಂದೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತ. ಅಂಜಿಕಿ ಮನಸ್ಸಿನ್ಯಾಗ ಐತಿ, ಬೂಟಿನ್ಯಾಗ ಅಲ್ಲ. ಅದು ನನಗೇ ಎಷ್ಟು ಚೆಂದ ಅನ್ನಿಸಿತೆಂದರೆ, ಊರಿಗೆ ಹೋದಾಗ ನಿನ್ನ ಸೋದರಮಾವಂದಿರ ಮುಂದೆ ಹೇಳಿದೆ, ಇಲ್ಲಿ ಗೆಳೆಯರ ಮುಂದೆ ಹೇಳಿದೆ. ನೀನು ಸ್ಕೀ ಬಿಟ್ಟೆ. ನಾನು ಅದನ್ನೂ ನನ್ನ ಮಾತಿಗೆ ಸಾಕ್ಷಿ ಮಾಡಿಕೊಂಡೆ. ಮೊನ್ನೆ ದೀಪಾವಳಿಯ ಊಟದಲ್ಲಿ ನೀನು ಆಸ್ಪತ್ರೆಯ ಕೆಲಸ ಬಿಡುತ್ತೇನೆ, ಒಬ್ಬ ನರ್ಸಿಗೆ ಒಂಬತ್ತು ರೋಗಿಗಳನ್ನು ಕೊಡುತ್ತಾರೆ, ಇದು ಯಾರಿಂದಲೂ ಆಗುವಂಥದ್ದಲ್ಲ ಎಂದಾಗ, ಹದಿನೈದು ಜನರ ಮುಂದೆ, ಭಾನುಪ್ರಿಯಾ ಅವರ ಮುಂದೆ, ಮತ್ತೆ ಅದೇ ಗಾದೆ ಒಗೆದೆ. ಎಲ್ಲರೂ ನಕ್ಕರು. ಮರುದಿನ ಬೆಳಿಗ್ಗೆ ನಿನ್ನ ಕಾರು ಹೊರಟುಹೋಗಿತ್ತು.

ಇನ್ನು ಅಂಗಡಿಯ ಮಾತು. ಅಲ್ಲಿರುವವರು ಎಪ್ಪತ್ತು ದಾಟಿದ ಅಜ್ಜ, ಬೂಟು ಕೂರಿಸುವುದರಲ್ಲೇ ತಲೆಗೂದಲು ನೆರೆಸಿಕೊಂಡವರು. ಮೊದಲು ಇಂಚರಳ ಸಾಕ್ಸ್ ಬಿಚ್ಚಿಸಿದರು. ಅವಳು ಮೂರು ಜೊತೆ ಹಾಕಿಕೊಂಡಿದ್ದಳು, ಅದನ್ನು ನೋಡಿ ನಕ್ಕು, ಒಂದೇ ಒಂದು ತೆಳ್ಳನೆಯದು ಸಾಕು ಎಂದರು. ಆಮೇಲೆ ಆ ವಯಸ್ಸಿನಲ್ಲಿ ನೆಲಕ್ಕೆ ಮೊಣಕಾಲೂರಿ, ಹುಡುಗಿಯ ಬರಿಗಾಲನ್ನು ಎರಡೂ ಕೈಯಲ್ಲಿ ಹಿಡಿದರು. ಭಾನುಪ್ರಿಯಾ ಚಡಪಡಿಸಿ ನನ್ನ ಕಿವಿಯಲ್ಲಿ, “ಅಯ್ಯೋ, ಅಷ್ಟು ದೊಡ್ಡೋರು ಕಾಲು ಹಿಡೀತಿದಾರಲ್ಲ ಸರ್” ಅಂದರು. ಕೂರಿಸಿ ಅಳೆದರು, ನಿಲ್ಲಿಸಿ ಅಳೆದರು. ನಿಂತಾಗ ಕಾಲು ಉದ್ದವಾಗುತ್ತದೆ, ಶಾಂಭವಿ! ಇಷ್ಟು ವರ್ಷ ಅದೇ ಕಾಲ ಮೇಲೆ ನಿಂತಿದ್ದೇನೆ, ನನಗೆ ಇದು ಗೊತ್ತಿರಲಿಲ್ಲ. ಇಂಚರಳ ಕಾಲು ಇಪ್ಪತ್ನಾಲ್ಕು ಸೆಂಟಿಮೀಟರ್. ಸ್ಕೀ ಬೂಟಿನ ಸೈಜೂ ಅದೇ ಲೆಕ್ಕವಂತೆ. ನಮ್ಮ ಬೂಟಿನ ಮೇಲೆ ಇಪ್ಪತ್ತಾರೂವರೆ ಎಂದಿತ್ತು.

ಅಜ್ಜ ಬೂಟಿನ ಒಳಗಿನ ಮೆತ್ತನೆಯ ಚೀಲವನ್ನು ಹೊರಗೆಳೆದು, ಬರೀ ಪ್ಲಾಸ್ಟಿಕ್ ಚಿಪ್ಪಿನೊಳಗೆ ಅವಳ ಕಾಲು ಇಡಿಸಿ, ಬೆರಳುಗಳು ಮುಂದೆ ತಾಗುವಂತೆ ನಿಲ್ಲಿಸಿದರು. ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗಬೇಕು, ಬಹಳವಾದರೆ ಎರಡು. ಅವರದು ಮೂರು ಬೆರಳು ಹೋಗಿ ಇನ್ನೂ ಜಾಗ ಉಳಿಯಿತು. ಆಮೇಲೆ ಬೂಟಿನ ಮೇಲಿದ್ದ ನೂರಾಹತ್ತು ಎಂಬ ಅಂಕಿ ತೋರಿಸಿದರು. ಅದು ಗಡಸುತನದ ಲೆಕ್ಕವಂತೆ, ಅಷ್ಟು ಗಡಸು ಇರಬೇಕಾದ್ದು ನನ್ನಷ್ಟು ತೂಕದ, ಚೆನ್ನಾಗಿ ಪಳಗಿದ ಗಂಡಸಿಗೆ. ಆಗಿನ ನಿನ್ನಂಥ, ನೂರು ಪೌಂಡೂ ಇಲ್ಲದ ಹುಡುಗಿಗೆ ಅರವತ್ತೋ ಎಪ್ಪತ್ತೋ ಸಾಕು. ಬೂಟು ಬಗ್ಗದಿದ್ದರೆ ಕಾಲಿನ ಗಿಣ್ಣು ಬಗ್ಗುವುದಿಲ್ಲ, ಮೈ ಭಾರವೆಲ್ಲ ಹಿಂದಕ್ಕೆ ಹೋಗುತ್ತದೆ, ಸ್ಕೀ ಮಾತು ಕೇಳುವುದಿಲ್ಲ. ನನಗೆ ಅರ್ಥವಾಗಲಿ ಎಂದು ಒಂದು ಗಡಸು ರೇಸ್ ಬೂಟು ತಂದು ನನ್ನ ಕಾಲಿಗೇ ಬಿಗಿದರು. ಮುಂದೆ ಬಾಗಿ ಎಂದರು. ಎಷ್ಟು ಒತ್ತಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ನಾನು ಹಿಂದಕ್ಕೆ ಬಿದ್ದು ಬೆಂಚಿನ ಮೇಲೆ ಕುಕ್ಕರಿಸಿದೆ. ವಿಕ್ಸಮ್ ಊರಿನ ಕಾರ್ಖಾನೆಯಲ್ಲಿ ನನ್ನ ಕೆಲಸ ಏನು ಹೇಳು? ಒಂದು ಭಾಗದೊಳಗೆ ಇನ್ನೊಂದು ಭಾಗ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಕೂದಲೆಳೆಯ ಹತ್ತನೇ ಒಂದು ಪಾಲಿನವರೆಗೆ ನೋಡುವುದು. ತುಸು ಸಡಿಲ ಕಂಡರೆ ಲಾರಿಗಟ್ಟಲೆ ಮಾಲು ವಾಪಸ್ ಕಳಿಸುವ ಮನುಷ್ಯ ನಾನು.

ಅಷ್ಟರಲ್ಲಿ ಅಜ್ಜ ಮತ್ತೆ ನಮ್ಮ ಬೂಟಿನತ್ತ ತಿರುಗಿದ್ದರು. ಒಳಚೀಲವನ್ನು ದೀಪದ ಕೆಳಗೆ ಹಿಡಿದು ನೋಡುತ್ತಿದ್ದರು. ಬೂಟಿನ ನಾಲಿಗೆಯ ಹಿಂದೆ, ಗಿಣ್ಣಿನ ಎರಡು ಬದಿಗೆ, ಸೀರಿಯಲ್ ಡಬ್ಬಿಯ ರಟ್ಟು ಕತ್ತರಿಸಿ ಪ್ಯಾಕಿಂಗ್ ಟೇಪಿನಿಂದ ಅಂಟಿಸಿತ್ತು. ಒಂದರ ಮೇಲೊಂದು ಪದರ, ಅಂಚುಗಳು ಚರ್ಮಕ್ಕೆ ಚುಚ್ಚದಂತೆ ಪ್ರತಿ ಪದರವೂ ಕೆಳಗಿನದಕ್ಕಿಂತ ತುಸು ಸಣ್ಣದು. ಎಡಗಾಲಿಗೆ ನಾಲ್ಕು, ಬಲಗಾಲಿಗೆ ಮೂರು. ಇದನ್ನು ಹಾಕಿಕೊಂಡವರ ಎಡ ಹಿಮ್ಮಡಿ ಬಲಕ್ಕಿಂತ ಸಣ್ಣದಿರಬೇಕು ಎಂದರು ಅಜ್ಜ. ಪೆನ್ಸಿಲ್ಲಿನಲ್ಲಿ ಎಡ, ಬಲ ಎಂದು ನೀನು ಗುರುತು ಹಾಕಿದ್ದೀ, ಕನ್ನಡದಲ್ಲಿ. ಸಂದು ಬಿದ್ದಲ್ಲಿ ತೆಳು ಪಟ್ಟಿ ಕೊಟ್ಟು ಬಿಗಿ ಮಾಡುವ ಈ ವಿದ್ಯೆಯನ್ನು ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತೆ, ನಿನಗೆ ಯಾರೂ ಕಲಿಸಿರಲಿಲ್ಲ. ಅಂಗಾಲಿನ ಹಾಸಿನ ಮೇಲೆ ಐದು ಬೆರಳುಗಳ ಐದು ಗುಳಿ ಬಿದ್ದಿದ್ದವು. ಬೂಟು ಜಾರದಿರಲೆಂದು ನೀನು ಇಡೀ ಚಳಿಗಾಲ ಬೆರಳಿನಿಂದ ನೆಲ ಕಚ್ಚಿ ಹಿಡಿದಿದ್ದೀ. ಅಜ್ಜ ನನ್ನನ್ನು ನೋಡಿ ಕೇಳಿದರು, ಇದನ್ನು ಹಾಕಿಕೊಂಡು ಯಾರು ಸ್ಕೀ ಮಾಡಿದ್ದು? ನನ್ನ ಮಗಳು, ರೇಸಿನಲ್ಲಿ, ಎಂದೆ. ಎಷ್ಟು ಗೇಟು ದಾಟಿದಳು? ಆ ದಿನ ಎರಡು, ಅದಕ್ಕೆ ಮೊದಲು ಎಷ್ಟೋ ಸಲ ಪೂರ್ತಿ ಇಳಿದಿದ್ದಾಳೆ ಎಂದೆ. ಅವರು ತಲೆ ಅಲ್ಲಾಡಿಸಿ, ಐವತ್ತು ವರ್ಷದಲ್ಲಿ ಇಂಥ ಬೂಟಿನಲ್ಲಿ ಒಂದು ಗೇಟು ದಾಟಿದವರನ್ನೂ ನಾನು ಕಂಡಿಲ್ಲ, ಆ ಹುಡುಗಿಯನ್ನು ಒಮ್ಮೆ ನೋಡಬೇಕಿತ್ತು ಎಂದರು. ನನಗೆ ಅಲ್ಲೇ ಕಣ್ಣು ತುಂಬಿದವು. ಇಂಚರ ಗಾಬರಿಯಾಗಿ, “ಆರ್ ಯು ಓಕೆ, ಅಂಕಲ್?” ಎಂದಳು.

ಇಂಚರಳಿಗೆ ಅಜ್ಜ ಬೇರೆ ಬೂಟು ಕೂರಿಸಿದರು. ಹಾಕಿಕೊಂಡ ಕೂಡಲೇ ಟೂ ಟೈಟ್, ಟೂ ಟೈಟ್ ಎಂದು ಕೂಗಿದಳು. ಮೊಣಕಾಲು ಬಾಗಿಸು ಎಂದರು. ಬಾಗಿಸಿದಾಗ ಹಿಮ್ಮಡಿ ಹಿಂದಕ್ಕೆ ಸರಿದು ಗೂಡಿನಲ್ಲಿ ಕೂತಿತು, ಬೆರಳುಗಳು ತುದಿಯಿಂದ ಬಿಡುಗಡೆಯಾದವು, ಹುಡುಗಿಯ ಮುಖ ಅರಳಿತು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಭಾನುಪ್ರಿಯಾ, “ಒಂದು ಸೈಜ್ ದೊಡ್ಡದು ತಗೊಂಡ್ರೆ ಮುಂದಿನ ವರ್ಷಕ್ಕೂ ಆಗತ್ತಲ್ವಾ ಸರ್?” ಎಂದು ನನ್ನನ್ನೇ ಕೇಳಿದರು. ಬ್ಯಾಡ್ರಿ, ಬ್ಯಾಡ ಅಂದ್ರ ಬ್ಯಾಡ ಎಂದೆ. ವಾಪಸ್ ಬರುವಾಗ ಕಾರಿನಲ್ಲಿ ಅವರಿಗೆ ಎಲ್ಲ ಹೇಳಿದೆ. ದೀಪಾವಳಿಯ ದಿನ ನೀವೆಲ್ಲ ನಕ್ಕಿರಲ್ಲ, ಆ ನೆಲ ನಿಜವಾಗಿಯೂ ಡೊಂಕಿತ್ತು, ಅದನ್ನು ಹಾಸಿದವನು ನಾನು ಎಂದೆ. ಅವರು, ಶಾಂಭವಿಗೆ ಇದನ್ನ ಹೇಳಿ ಸರ್, ನನಗಲ್ಲ ಎಂದರು.

ಅದಕ್ಕೇ ಈ ಪತ್ರ. ಆ ರಟ್ಟಿನ ಪಟ್ಟಿಗಳು ಈಗ ನನ್ನ ಮೇಜಿನ ಮೇಲಿವೆ. ಬೆಳಗಿನಿಂದ ಎಷ್ಟು ಸಲ ಕೈಯಲ್ಲಿ ತೆಗೆದುಕೊಂಡು ನೋಡಿದೆನೋ ಲೆಕ್ಕವಿಲ್ಲ. ಹದಿನಾಲ್ಕರ ಹುಡುಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡು, ಅಪ್ಪ ಕೇಳುವುದಿಲ್ಲ ಎಂದು ಗೊತ್ತಾದ ಮೇಲೆ, ಕತ್ತರಿ ಹಿಡಿದು ಕೂತಿದ್ದನ್ನು ನೆನೆದರೆ ನಿನಗೆ ಕೈ ಮುಗಿಯಬೇಕು ಎನ್ನಿಸುತ್ತದೆ. ನಾನು ಅಂಜುಬುರುಕಿ ಎಂದದ್ದು ಇಂಥವಳನ್ನು. ತಪ್ಪಾಯಿತವ್ವಾ. ಒಂದು ಸಲ ಅಲ್ಲ, ಪ್ರತಿ ಸಲ ಆ ಗಾದೆ ಹೇಳಿ ನಗಿಸಿದಾಗಲೂ ತಪ್ಪಾಯಿತು. ಕ್ಷಮಿಸಲೇಬೇಕು ಎಂದು ನಾನು ಹಟ ಮಾಡುವುದಿಲ್ಲ.

ಅವ್ವ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಬೇರೆ ಪಾರ್ಸಲ್ಲಿನಲ್ಲಿ ಕಳಿಸುತ್ತಿದ್ದಾಳೆ, ಮೊಸರಿನೊಡನೆ ತಿನ್ನು. ರಸ್ತೆಯಲ್ಲಿ ಮಂಜುಗಡ್ಡೆ ಇರುತ್ತದೆ, ನಿಧಾನ ಓಡಿಸು. ನೂರು ಕಾಲ ಗಟ್ಟಿಯಾಗಿ, ನಿನ್ನ ಇಷ್ಟದಂತೆ ಬಾಳು.

ನಿನ್ನ ಅಪ್ಪ,
ಕಲ್ಲಿನಾಥ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅವ್ವ ಓದಿ, ಮುಖ್ಯವಾದದ್ದನ್ನೇ ಬರೆದಿಲ್ಲ ನೋಡ್ರಿ ಎಂದಳು. ನಾಳೆ ಅಂಚೆಗೆ ರಜೆ ಇದೆ, ಆದರೂ ಈಗಲೇ ಬರೆದುಬಿಡುತ್ತೇನೆ, ಇಲ್ಲವಾದರೆ ಧೈರ್ಯ ಸಾಲುವುದಿಲ್ಲ. ಆ ಆಸ್ಪತ್ರೆಯ ಬಗ್ಗೆ ನೀನು ಹೇಳಿದ್ದು ನಿಜ. ನಾನು ಯಾರನ್ನೂ ವಿಚಾರಿಸಿಲ್ಲ, ಇಂಟರ್ನೆಟ್ಟಿನಲ್ಲಿ ಹುಡುಕಿಲ್ಲ, ನಿನ್ನಿಂದ ಲೆಕ್ಕವನ್ನೂ ಕೇಳುವುದಿಲ್ಲ. ಒಂಬತ್ತು ಜನರನ್ನು ಒಬ್ಬಳು ನೋಡಲಾಗುವುದಿಲ್ಲ ಎಂದು ನೀನು ಅಂದೆ, ಅಂದಮೇಲೆ ಆಗುವುದಿಲ್ಲ. ಬಿಡಬೇಕು ಎನ್ನಿಸಿದರೆ ಬಿಟ್ಟುಬಿಡು ಮಗಳೇ.