ಉಳಿದರ್ಧ ಬಾಳೆಹಣ್ಣು

ಮಂಗಳವಾರ ರಾತ್ರಿ

ಅಕ್ಕಾ, ಇದ್ದದ್ದು ಸಾಲದು ಅಂತ ಬಲಗಾಲಿನ ಹೆಬ್ಬೆರಳು ಬೇರೆ ಊದಿಕೊಂಡಿದೆ. ಬಾಗಿಲಿಗೆ ಒದ್ದದ್ದಕ್ಕೆ. ಯಾರ ಬಾಗಿಲು, ಯಾಕೆ ಒದ್ದೆ, ಎಲ್ಲ ಹೇಳ್ತೀನಿ. ಮೊದಲು ಒಂದು ಮಾತು ಕೊಡು, ಆ ಗುಂಪಿಗೆ ಹೋಗು ಅಂತ ಇನ್ನೊಂದು ಸಲ ನನಗೆ ಹೇಳಕೂಡದು. ರೂಮಲ್ಲಿ ಉಳಿದವರು ಮಲಗಿದ್ದಾರೆ, ಮೆಟ್ಟಿಲ ಮೇಲೆ ಕೂತು ಫೋನಲ್ಲಿ ಬರೀತಿದ್ದೀನಿ. ಅಕ್ಷರ ಸಣ್ಣದು ಅಂತ ಕೋಪವೂ ಸಣ್ಣದು ಅಂದ್ಕೋಬೇಡ.

ಆಸ್ಪತ್ರೆಯಿಂದ ಬಿಟ್ಟಾಗ ಡಾಕ್ಟರು ಹೇಳಿದ್ದನ್ನೇ ಹಿಡ್ಕೊಂಡು, ಫೋನಲ್ಲಿ ಅತ್ತೂ ಕರೆದೂ ನನ್ನನ್ನ ಅಲ್ಲಿಗೆ ಅಟ್ಟಿದೋಳು ನೀನೇ ತಾನೆ? ಸಾಯೋಕೆ ಹೋಗಿ ಉಳಿದುಕೊಂಡವರೆಲ್ಲ ಒಂದು ಕಡೆ ಕೂತು ಮಾತಾಡಿದ್ರೆ ಒಳ್ಳೇದಾಗುತ್ತಂತೆ. ಏನು ಒಳ್ಳೇದೋ! ದಾರಿ ತಪ್ಪಿದೋರೆಲ್ಲ ಸೇರಿ ಒಬ್ಬರನ್ನೊಬ್ಬರು ವಿಳಾಸ ಕೇಳಿದ ಹಾಗೆ.

ಲೈಬ್ರರಿ ಹಿಂದಿನ ಕೋಣೆ. ಅಲ್ಲಿರೋದೆಲ್ಲ ಮಕ್ಕಳ ಕುರ್ಚಿ. ಕೂತ್ರೆ ಮೊಣಕಾಲು ಗದ್ದಕ್ಕೆ ತಾಗುತ್ತೆ. ಆ ಭಂಗೀಲಿ ಮನುಷ್ಯರು ನೆಟ್ಟಗೆ ದುಃಖ ಪಡೋಕೂ ಆಗಲ್ಲ. ಗುಂಪು ನಡೆಸೋನು ಡಾಕ್ಟರೂ ಅಲ್ಲ ಗೀಕ್ಟರೂ ಅಲ್ಲ, ನಮ್ಮ ಹಾಗೇ ಉಳಿದುಕೊಂಡೋನು. ಕೆಲಸ ಲಿಫ್ಟ್ ರಿಪೇರಿ. ನಾನು ಅವನಿಗೆ ಲಿಫ್ಟಪ್ಪ ಅಂತ ಹೆಸರಿಟ್ಟಿದ್ದೀನಿ. ಲಿಫ್ಟ್ ಕೆಟ್ಟು ನಿಂತಾಗ ಒಳಗಿರೋರು ಬಾಗಿಲು ಕೀಳೋಕೆ ಹೋಗಬಾರದು ಕಣ್ರೀ, ಗುಂಡಿ ಒತ್ತಿ ಕಾಯಬೇಕು ಅಂತಾನೆ. ವಾರವಾರವೂ ಇದೇ ವೇದಾಂತ. ಎಲ್ಲರೂ ಇದೇ ಮೊದಲ ಸಲ ಕೇಳ್ತಿರೋ ಹಾಗೆ ಹೂಂ ಹೂಂ ಅಂತ ತಲೆ ಆಡಿಸ್ತಾರೆ.

ಇನ್ನು ಅವರ ನಿಯಮ ಕೇಳು, ನಗು ಬರುತ್ತೆ. ಇಬ್ಬಿಬ್ಬರನ್ನ ಜೋಡಿ ಮಾಡ್ತಾರೆ. ಮಲಗೋ ಮುಂಚೆ ಜೋಡಿಗೆ ಮೆಸೇಜು ಹಾಕಬೇಕು. ಹೇಗಿದ್ದೀಯಾ ಅಂತ ಕೇಳೋ ಹಾಗಿಲ್ಲ. ಯಾಕಂದ್ರೆ ಅದಕ್ಕೆ ಎಲ್ಲರೂ ಚೆನ್ನಾಗಿದ್ದೀನಿ ಅಂತಾರಂತೆ. ಏನು ತಿಂದೆ ಅಂತ ಮಾತ್ರ ಹೇಳಬೇಕು. ಅಷ್ಟೇ! ಜೀವ ಉಳಿಸೋ ದೊಡ್ಡ ವಿದ್ಯೆ!

ನನಗೆ ಗಂಟು ಹಾಕಿದ್ದು ಪರದೆಯಮ್ಮನ್ನ. ಕಿಟಕಿ ಪರದೆ ಹೊಲಿಯೋ ಟೈಲರು, ಅಮ್ಮನಿಗಿಂತ ಸ್ವಲ್ಪ ದೊಡ್ಡೋಳು. ಕೋಣೇಲಿ ಎಲ್ಲಿ ಕೂತ್ರೂ ಮೊದಲು ಆ ಕಿಟಕಿ ಪರದೆ ಎತ್ತಿ ಹೊಲಿಗೆ ನೋಡಿ ಮುಖ ಸಿಂಡರಿಸ್ತಾಳೆ. ಮೆಸೇಜಂತೂ ಪುರಾಣ. ಈರುಳ್ಳಿ ಸೀದುಹೋಯ್ತು, ಆದ್ರೂ ತಿಂದೆ ಮಗಾ, ಸೂಪಿಗೆ ಉಪ್ಪು ಮರೆತೆ ಅಂತೆಲ್ಲ. ಮೊನ್ನೆ ರಾತ್ರಿಯದು, ಅರ್ಧ ಬಾಳೆಹಣ್ಣು ತಿಂದೆ, ಉಳಿದರ್ಧ ನಾಳೆಗೆ. ಅರ್ಧ ಬಾಳೆಹಣ್ಣಿಗೆ ಭವಿಷ್ಯ ಬೇರೆ! ನಾನು ದಿನಾ ಕಳಿಸ್ತಿದ್ದದ್ದು ಬ್ರೆಡ್ಡು, ಮೊಟ್ಟೆ. ತಿಂದಿರಲಿ ಬಿಡಲಿ, ಹಿಂದಿನ ದಿನದ್ದನ್ನೇ ಒತ್ತಿ ಕಳಿಸಿ ದಿಂಬಿಗೆ ತಲೆ ಕೊಡ್ತಿದ್ದೆ.

ನಿನ್ನೆ ರಾತ್ರಿ ಅವಳ ಪುರಾಣ ಬರಲಿಲ್ಲ. ಸದ್ಯ, ಪೀಡೆ ತೊಲಗಿತು ಅಂತ ಮಲಗಿದೆ.

ಬೆಳಿಗ್ಗೆ ಲಾಂಡ್ರೀಲಿ ಹೋಟೆಲಿನ ಬೆಡ್‌ಶೀಟು ಇಸ್ತ್ರಿಗೆ ನಿಂತಿದ್ದೆ. ಇಬ್ಬರು ಎರಡು ತುದಿ ಹಿಡಿದು ಬಿಸಿ ರೋಲರಿಗೆ ಕೊಡಬೇಕು. ಆಗ ನೋಡು, ಎಲ್ಲಿತ್ತೋ ಏನೋ, ಆ ಉಳಿದರ್ಧ ಬಾಳೆಹಣ್ಣು ತಲೆಗೆ ಬಂತು. ತಿಂದ್ಲೋ ಇಲ್ವೋ. ಫೋನ್ ಮಾಡಿದ್ರೆ ಸ್ವಿಚ್ ಆಫ್. ಮತ್ತೆ ಮಾಡಿದೆ, ಆಫ್. ನನ್ನ ತುದಿ ಹಾಗೇ ಕೈಬಿಟ್ಟೆ. ಬೆಡ್‌ಶೀಟು ರೋಲರಿಗೆ ಸುತ್ತಿಕೊಂಡು ಮೆಷೀನೇ ನಿಂತುಹೋಯ್ತು. ಸೂಪರ್‌ವೈಸರು ಎಲ್ಲಿಗಮ್ಮಾ ಮಹಾರಾಣಿ ಅಂತ ಕೂಗ್ತಿದ್ರೆ ನಾನು ಏಪ್ರನ್ನಲ್ಲೇ ರಸ್ತೇಲಿ ಓಡ್ತಿದ್ದೆ.

ಅವಳ ಮನೆಗೆ ಬೀಗ ಇತ್ತು. ಒಳಗಿಂದಲೋ ಹೊರಗಿಂದಲೋ, ಆ ಬಾಗಿಲಲ್ಲಿ ಗೊತ್ತಾಗಲ್ಲ. ಕೂಗಿದೆ, ಬಡಿದೆ, ಆಮೇಲೆ ಒದ್ದೆ. ಅಕ್ಕಾ, ಆವಾಗ ನನ್ನ ಬಾಯಿಂದ ಏನೇನು ಬಂತು ಅಂತ ನಿನಗೆ ಹೇಳಲ್ಲ. ಆಸ್ಪತ್ರೇಲಿ ನೀನು ಫೋನಲ್ಲಿ ನನಗೆ ಬೈದೆಯಲ್ಲ, ನಾನೆಂಥ ಪಾಪ ಮಾಡಿದ್ದೆ ನಿನಗೆ ಅಂತ, ಅಷ್ಟೂ ಬಂತು. ಅಕ್ಷರ ಬಿಡದೆ.

ಹಿಂದಿನಿಂದ ಒಂದು ದನಿ, ಬಾಗಿಲಿಗೆ ಬಣ್ಣ ಹೊಡೆಸೋಳು ನೀನಾ? ತಿರುಗಿದ್ರೆ ಪರದೆಯಮ್ಮ. ಏದುಸಿರು ಬಿಡ್ತಾ ನಿಂತಿದ್ದಾಳೆ. ಪಕ್ಕದಲ್ಲಿ ಸ್ಪ್ಯಾನರು ಹಿಡಿದ ಲಿಫ್ಟಪ್ಪ, ಬಾಗಿಲು ಕೀಳಬಾರದು ಅಂತ ವಾರವಾರ ಕೊರೆಯೋ ಅದೇ ಲಿಫ್ಟಪ್ಪ!

ಆಗಿದ್ದು ಇಷ್ಟು. ರಾತ್ರಿ ಇವಳ ಫೋನು ಬಕೆಟ್ಟಿನ ನೀರಿಗೆ ಬಿದ್ದಿದೆ. ಹುಡುಗಿ ಗಾಬರಿಯಾಗ್ತಾಳೆ ಅಂತ ಬೆಳಿಗ್ಗೆ ನನಗೆ ಹೇಳೋಕೆ ಲಾಂಡ್ರಿಗೆ ಹೋಗಿದ್ದಾಳೆ. ಅಷ್ಟರಲ್ಲಿ ನಾನು ಇತ್ತ ಓಡಿದ್ದೆ. ಅಲ್ಲಿ ಸೂಪರ್‌ವೈಸರು ಅಯ್ಯೋ ಅವಳಾ, ಅಳ್ತಾ ಎಲ್ಲಿಗೋ ಓಡಿಹೋದ್ಲು ಅಂದಿದ್ದಾನೆ. ನಾನೆಲ್ಲಿ ಅತ್ತೆ? ಸರಿ, ಇವಳು ಅದನ್ನೇ ನಂಬಿದ್ದಾಳೆ. ಸೂಪರ್‌ವೈಸರ ಫೋನಲ್ಲೇ ಲಿಫ್ಟಪ್ಪನ್ನ ಕರೆಸಿ, ಇಬ್ಬರೂ ನನ್ನ ರೂಮಿನ ಬಾಗಿಲು ಬಡಿದು, ಅಲ್ಲೂ ನಾನಿಲ್ಲದೆ, ಇವಳ ಮನೆಗೇ ಹೋಗಿರಬಹುದು ಅಂತ ಕೊನೆಗೆ ಅಲ್ಲಿಗೆ ಬಂದಿದ್ದಾರೆ. ಬದುಕಿರೋರು ಮೂರು ಜನ, ಒಬ್ಬರ ಹೆಣ ಒಬ್ಬರು ಹುಡುಕ್ತಾ ಊರೆಲ್ಲ ಸುತ್ತಿದ್ದೀವಿ. ಇದು ನಿನ್ನ ದೊಡ್ಡ ಗುಂಪಿನ ಯೋಗ್ಯತೆ!

ಒಳಗೆ ಕೂರಿಸಿ ನೀರು ಕೊಟ್ಲು. ಸುಮ್ಮನೆ ಇರೋದು ಬಿಟ್ಟು ಕೇಳಿದ್ಲು, ಏನೇ, ಇಷ್ಟು ದಿನ ಬರೀ ಬ್ರೆಡ್ಡು, ಮೊಟ್ಟೆನಾ? ನಾನು ಹೂಂ ಅಂದೆ. ಬಾಯಿ ಮುಚ್ಚೇ ಸುಳ್ಳಿ, ಮೊದಲ ವಾರವೇ ಗೊತ್ತಾಯ್ತು ನನಗೆ ಅಂದ್ಲು. ಮತ್ಯಾಕೆ ಸುಮ್ಮನಿದ್ದೆ ಅಂತ ರೇಗಿದೆ. ಸುಳ್ಳು ಒತ್ತೋಕಾದ್ರೂ ಬೆರಳು ಆಡ್ತಿದೆಯಲ್ಲ ಅಂದ್ಕೊಂಡು ದೀಪ ಆರಿಸ್ತಿದ್ದೆ ಅಂದ್ಲು.

ಕೊಬ್ಬು ನೋಡು ಎಷ್ಟು! ಆಮೇಲೆ ತಟ್ಟೆ ಕೆಳಗೆ ಮುಚ್ಚಿಟ್ಟಿದ್ದ ಆ ಅರ್ಧ ಬಾಳೆಹಣ್ಣು ತಂದು ಮುಂದಿಟ್ಲು. ಕಪ್ಪಗಾಗಿತ್ತು. ಥೂ, ಅದನ್ನ ಯಾರು ತಿಂತಾರೆ. ತಿಂದೆ. ಲಿಫ್ಟಪ್ಪ ಏನೂ ವೇದಾಂತ ಹೇಳದೆ ಆ ಕಡೆ ತಿರುಗಿ, ನಾನು ಒದ್ದು ಸಡಿಲ ಮಾಡಿದ್ದ ಕೊಂಡಿ ಬಿಗಿ ಮಾಡ್ತಿದ್ದ.

ಆದ್ದರಿಂದ ಹೇಳ್ತಿದ್ದೀನಿ, ಅದು ಗುಂಪಲ್ಲ, ಹುಚ್ಚರ ಸಂತೆ. ಇನ್ನು ನಾನಲ್ಲಿಗೆ ಕಾಲಿಡಲ್ಲ. ಅಮ್ಮನಿಗೆ ನನ್ನ ಕೆಲಸ ಚೆನ್ನಾಗಿದೆ ಅಂತ ಹೇಳು, ಬೇರೆ ಏನೂ ಬಾಯಿ ಬಿಡಬೇಡ, ನಾನೇ ಯಾವತ್ತಾದ್ರೂ ಹೇಳ್ತೀನಿ.

ಇಂತಿ,
ಕುಂಟುತ್ತಿರೋ ನಿನ್ನ ಮೊಂಡ ತಂಗಿ

ತಾ.ಕ.: ಮಲಗೋಕೆ ಹೋದೋಳು ಮತ್ತೆ ಎದ್ದು ಬಂದೆ. ನಾಳೆ ಸಂಜೆ ಏಳಕ್ಕೆ ಫೋನ್ ಮಾಡಬೇಡ, ಎತ್ತಲ್ಲ. ಲೈಬ್ರರೀಲಿ ಕುರ್ಚಿ ಜೋಡಿಸೋ ಸರದಿ ನಂದು. ಹೊಸದಾಗಿ ಒಬ್ಬರು ಬರ್ತಾರಂತೆ, ಅವರಿಗಾದ್ರೂ ದೊಡ್ಡ ಕುರ್ಚಿ ಹುಡುಕಬೇಕು. ಆಮೇಲೆ ಮಾಡು. ಹೇಗಿದ್ದೀಯಾ ಅಂತ ಕೇಳಬೇಡ, ಚೆನ್ನಾಗಿದ್ದೀನಿ ಅಂದುಬಿಡ್ತೀನಿ. ಏನು ತಿಂದೆ ಅಂತ ಕೇಳು. ಒಂಬತ್ತೂವರೆಗೆ.