ಸ್ಕ್ಯಾನ್ ದಿನದ ಎರಡು ನಿಮಿಷ

ಮಾರ್ಚ್ 3, ಬೆಳಿಗ್ಗೆ 6
ಮಗನಿಗೆ ಫಿಟ್ಸ್ ಮಾತ್ರೆ ಕೊಡಲಿಲ್ಲ. ಇವತ್ತು ಪೆಟ್ ಸ್ಕ್ಯಾನ್, ಖಾಲಿ ಹೊಟ್ಟೆ ಎಂದಿದ್ದಾರೆ. ತಲೆಯ ಗಡ್ಡೆ ತೆಗೆಸಿ ಎರಡು ವರ್ಷ. ಮತ್ತೆ ಬೆಳೆದಿದೆಯೇ ನೋಡಬೇಕಂತೆ. ಮಾತ್ರೆ ನೀರಿನಲ್ಲಿ ನುಂಗಬಹುದಂತೆ ಎಂದಳು ಸೊಸೆ. ಖಾಲಿ ಹೊಟ್ಟೆ ಎಂದರೆ ಖಾಲಿ ಹೊಟ್ಟೆ ಅಂದೆ. ಮಾತ್ರೆಯನ್ನು ಡಬ್ಬಿಗೆ ವಾಪಸು ಹಾಕಿದಳು.

ಮಧ್ಯಾಹ್ನ 3
ಸೂಜಿಯಲ್ಲಿ ಸಕ್ಕರೆಯಂಥದೇನೋ ಕೊಟ್ಟರು. ಗಡ್ಡೆ ಅದನ್ನು ಹೆಚ್ಚು ತಿನ್ನುತ್ತದೆ, ಚಿತ್ರದಲ್ಲಿ ಆ ಜಾಗ ಹೊಳೆಯುತ್ತದೆ. ಅದು ಏರುವವರೆಗೆ ಅಲುಗಾಡದೆ ಮಲಗಬೇಕು. ಕಾಯಲು ನನ್ನನ್ನು ಕೂರಿಸಿದರು.
ಹತ್ತೂ ಇಪ್ಪತ್ತಕ್ಕೆ ಅವನ ತುಟಿಯ ಬಲಬದಿ ಎಳೆಯಿತು. ಆಮೇಲೆ ಬೆರಳು. ಎರಡು ನಿಮಿಷ. ಬಾಯಿ ಒರೆಸಿದೆ. ಅವನಿಗೆ ಗೊತ್ತೇ ಆಗಲಿಲ್ಲ.
ಸ್ಕ್ಯಾನ್ ಮಾಡುವ ಹುಡುಗಿ ಬಂದು ಫಿಟ್ಸ್ ಏನಾದರೂ ಬಂತೇ ಎಂದಳು. ಹಿಂದೆಯೇ ಸೊಸೆ.
ಇಲ್ಲ ಅಂದೆ.

ಮಾರ್ಚ್ 7
ಸ್ಕ್ಯಾನಿನ ಚಿತ್ರದಲ್ಲಿ ಹಳೆ ಗಾಯದ ಪಕ್ಕ ಕೆಂಪು, ಹಳದಿ. ಗಡ್ಡೆ ಮರಳಿದಂತಿದೆ, ಇಪ್ಪತ್ತನೇ ತಾರೀಕು ಆಪರೇಷನ್ ಎಂದರು ಡಾಕ್ಟರ್. ಮಿದುಳಿನಲ್ಲಿ ಅದು ಮಾತಿನ ಜಾಗ. ಮಾತು ಹೋದರೂ ಹೋಗಬಹುದು. ಅವತ್ತು ಫಿಟ್ಸ್ ಇರಲಿಲ್ಲ ತಾನೇ, ಬಂದಿದ್ದರೂ ಹೀಗೇ ಹೊಳೆಯುತ್ತದೆ ಎಂದು ಮತ್ತೆ ಕೇಳಿದರು.
ಹುಡುಗಿ ಬರೆದುಕೊಂಡಿದ್ದಾಳಲ್ಲ ಅಂದೆ.
ದಾರಿಯಲ್ಲಿ ಮಗ, "ಒಳ್ಳೇದಾಯ್ತು ಬಿಡಮ್ಮ. ಇನ್ಮೇಲೆ ನಿಂಗೆ ಎದುರು ಮಾತಾಡೋರೇ ಇರಲ್ಲ."


ಮಾರ್ಚ್ 18
ಮಗ ಮೊಬೈಲಿನಲ್ಲಿ ತನ್ನ ದನಿ ತುಂಬಿಸಿಡುತ್ತಿದ್ದಾನೆ. ತನ್ನ ಪುಟ್ಟ ಮಗಳಿಗೆ ಕಥೆ, ಹೆಂಡತಿಗೆ ಬೈಗುಳ. ಗೋಡೆಯಾಚೆ ಎಲ್ಲ ಕೇಳಿಸುತ್ತದೆ. ಕಥೆಗಳನ್ನು ಒಂದರಿಂದ ಎಣಿಸಿ ಹೇಳುತ್ತಾನೆ… ಇವತ್ತು ಹದಿನಾಲ್ಕನೆಯದು.

ಮಾರ್ಚ್ 19
ಅಡ್ಮಿಟ್ ಮಾಡಲು ಹೋದೆವು. ಡಾಕ್ಟರ್ ಆಪರೇಷನ್ ಒಪ್ಪಿಗೆಗೆ ಸಹಿ ಹಾಕಿಸುತ್ತಿದ್ದರು. ಸೊಸೆ ಪೆನ್ನು ಹಿಡಿದಿದ್ದಳು.
"ಅವತ್ತು ಬಂದಿತ್ತು," ಅಂದೆ. "ಸೂಜಿ ಹಾಕಿದ ಮೇಲೆ, ಹತ್ತೂ ಇಪ್ಪತ್ತಕ್ಕೆ. ಬೆಳಿಗ್ಗೆ ಮಾತ್ರೆ ನಾನೇ ಕೊಟ್ಟಿರಲಿಲ್ಲ."
ಡಾಕ್ಟರ್ ಕಾಗದ ಹಿಂದಕ್ಕೆ ತೆಗೆದುಕೊಂಡರು. ಮೊದಲು ಇನ್ನೊಂದು ಸ್ಕ್ಯಾನ್ ಆಗಲಿ ಎಂದರು. ಯಾಕೆ ಹೇಳಲಿಲ್ಲ ಎಂದು ಕೇಳಿದರು. ಉತ್ತರ ಇತ್ತು; ಸೊಸೆಯ ಮುಂದೆ ಹೇಳುವಂಥದಲ್ಲ.
ಮನೆಗೆ ಬಂದ ಮೇಲೆ ಅವಳು ಒಂದೇ ಮಾತು ಆಡಿದಳು. "ಅತ್ತೆ, ಮಾತ್ರೆ ಇನ್ಮೇಲೆ ನಾನು ನೋಡ್ಕೋತೀನಿ."

ಮಾರ್ಚ್ 26, ಸಂಜೆ
ಮೊನ್ನೆ ಮಾಡಿದ ಎರಡನೇ ಸ್ಕ್ಯಾನ್ ಬಂತು. ಕೆಂಪಿಲ್ಲ. ಆ ಜಾಗ ಈಗ ಸುತ್ತಲಿಗಿಂತ ಮಸುಕು. ಆಪರೇಷನ್ ಬೇಡ, ಮೂರು ತಿಂಗಳು ಬಿಟ್ಟು ನೋಡೋಣ ಎಂದರು.
ತಪ್ಪಾಯಿತು ಎಂದು ಸೊಸೆಗೆ ಹೇಳಬೇಕು. ಈವರೆಗೆ ಯಾರಿಗೂ ಹೇಳಿದವಳಲ್ಲ. ಮೂರು ಸಲ ಅಡುಗೆಮನೆ ಬಾಗಿಲವರೆಗೆ ಹೋಗಿ ಬಂದೆ. ನಾಲ್ಕನೆಯ ಸಲ ತಿರುಗಿ ನೋಡಿ ಏನು ಬೇಕಿತ್ತು ಎಂದಳು. ನೀರು ಅಂದೆ. ಕೊಟ್ಟಳು. ಕುಡಿದೆ.
ಲೋಟ ಇಲ್ಲೇ ಇದೆ. ಕೊಡಲು ಹೋಗಬೇಕು. ಈ ಸಲ —